ಹಸಿರು ಪಟ್ಟಿ

ಫೆಬ್ರವರಿ 11, ಬೆಳಿಗ್ಗೆ

ಫ್ರಿಜ್ ಒರೆಸಿದ್ದಾಯಿತು. ಲಸಿಕೆ ಎಣಿಸಿದ್ದಾಯಿತು. ಇವತ್ತು ಮಧ್ಯಾಹ್ನಕ್ಕೇ ಕ್ಲಿನಿಕ್ ಬಂದ್ — ತುರ್ತು ಪರಿಸ್ಥಿತಿ ಎದುರಿಸುವ ಟ್ರೇನಿಂಗ್ ಅಂತೆ. ಇರುವವರೇ ಡಾಕ್ಟರಮ್ಮ, ಔಷಧಿ ಕೊಡುವವನು, ಆಯಾ, ನರ್ಸ್ ಅಂತ ನಾನೊಬ್ಬಳು. ನೆಗಡಿ-ಕೆಮ್ಮಿನ ಕ್ಲಿನಿಕ್‌ಗೆ ಎಂಥ ತುರ್ತು!

ಸಂಜೆ

ಟ್ರೇನರ್ ಬಂದದ್ದು ಆಳೆತ್ತರದ ರಬ್ಬರ್ ಗೊಂಬೆಯನ್ನು ಹೆಗಲ ಮೇಲೆ ಹೊತ್ತುಕೊಂಡು. ಬಡಕಲು ಮನುಷ್ಯ, ತಲೆ ಅರ್ಧ ನರೆತಿದೆ. ಔಷಧಿಯವನು ಅಲ್ಲೇ ಹೆಸರಿಟ್ಟ — ಗೊಂಬೆ ಮಾಸ್ತರ್. ಅವರಿಗೂ ಕೇಳಿಸಿತು. ನಕ್ಕರು. "ಮನೇಲೂ ಹಂಗೇ ಕರೀತಾರೆ ಬಿಡಿ."

ಒಟ್ಟಿಗೆ ಹತ್ತಾರು ಗಾಯಾಳುಗಳು ಬಂದರೆ ಯಾರನ್ನು ಮೊದಲು ನೋಡಬೇಕು — ಅದೇ ಪಾಠ. ಕೈಗೆ ಬಣ್ಣದ ಪಟ್ಟಿ. ಕೆಂಪು ಅಂದರೆ ಈಗಲೇ. ಹಳದಿ, ಸ್ವಲ್ಪ ತಡೆಯಬಹುದು. ಎದ್ದು ನಡೆಯುವವರಿಗೆ ಹಸಿರು, ಕಾಯಲಿ. ಉಸಿರೇ ಇಲ್ಲದಿದ್ದರೆ ಕಪ್ಪು.

"ಕಿರುಚೋರ ಹತ್ರ ಓಡ್ಬೇಡಿ ಸಿಸ್ಟರ್. ಸುಮ್ನಿರೋರನ್ನ ಮೊದ್ಲು ನೋಡಿ."

ಆಯಾ ಗಾಯಾಳುವಿನ ಪಾತ್ರ ಮಾಡುತ್ತ ಮಲಗಿದವಳು ನಿಜಕ್ಕೂ ಗೊರಕೆ ಹೊಡೆದಳು. ಔಷಧಿಯವನು ಅವಳಿಗೆ ಕಪ್ಪು ಕಟ್ಟಿದ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ನಾಳೆ ಅರ್ಧ ದಿನ ಬಾಕಿ.

ಫೆಬ್ರವರಿ 12

 

ಟ್ರೇನಿಂಗ್ ಮುಗಿಸಿ ಮಾಸ್ತರ್ ಎದುರಿನ ಬಸ್ ಸ್ಟಾಪಿಗೆ ಹೋದರು. ನಾನು ಟ್ರೇ ತೊಳೆಯುತ್ತಿದ್ದೆ. ಶಬ್ದ. ಕಿಟಕಿ ಗಾಜೆಲ್ಲ ಅದುರಿತು. ಮರಳಿನ ಲಾರಿ, ಸ್ಟಾಪಿನ ಒಳಕ್ಕೇ…

ಪಟ್ಟಿಗಳಿನ್ನೂ ಮೇಜಿನ ಮೇಲಿದ್ದವು. ಬಾಚಿಕೊಂಡು ಓಡಿದೆ.

ಧೂಳು. ಎಲ್ಲೆಂದರಲ್ಲಿ ಚಪ್ಪಲಿ. ಆ ಧೂಳಿನೊಳಗಿಂದ ಮಾಸ್ತರ್ ನಡೆದುಕೊಂಡೇ ಬಂದರು. ಹಣೆಯ ಮೇಲೆ ಒಂದು ಗೀರು. ಹೋದ ಜೀವ ಬಂದಂತಾಯಿತು ನನಗೆ.

"ಸರ್! ಎಲ್ಲಾದ್ರೂ ನೋವಿದ್ಯಾ?"

"ನಂಗೆ ಹಸಿರು ಕಟ್ಟಿ. ಅಲ್ಲಿ ನೋಡಿ, ಆ ಹೆಂಗಸು ಸುಮ್ಮನಾಗಿಬಿಟ್ಟಿದ್ದಾರೆ — ಓಡಿ!"

ಕಟ್ಟಿದೆ. ಓಡಿದೆ. ಹೆಂಗಸಿನ ತಲೆ ಹಿಂದಕ್ಕೆ ಬಾಗಿಸಿದೆ, ಉಸಿರು ಬಂತು. ಕೆಂಪು. ಕಾಲು ಮುರಿದು ಅರಚುತ್ತಿದ್ದವನಿಗೆ ಹಳದಿ. ಒಬ್ಬ ಮುದುಕರಿಗೆ… ಕಪ್ಪು. ನಾನೇ ಕಟ್ಟಿದೆ. ಡಾಕ್ಟರಮ್ಮ ರಸ್ತೆಯಲ್ಲೇ ಮಂಡಿಯೂರಿ ಡ್ರಿಪ್ ಹಾಕುತ್ತಿದ್ದರು. ಮಾಸ್ತರ್ ನಮ್ಮ ಕಾಂಪೌಂಡಿಗೆ ಒರಗಿ ಕೂತು ಜನರನ್ನು ಗದರುತ್ತಿದ್ದರು — "ದೂರ ಸರೀರಿ, ಗಾಳಿ ಬರ್ಲಿ!"

ಆ ದನಿ ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

ಮಾಸ್ತರ್ ಹತ್ತಿರ ತಿರುಗಿ ಬಂದಾಗ ಅವರ ಮುಖ ಬಿಳುಚಿಕೊಂಡಿತ್ತು. ಮೈಯೆಲ್ಲ ತಣ್ಣನೆಯ ಬೆವರು. ಪಲ್ಸ್ ಸಿಗುತ್ತಿಲ್ಲ. ಹೊಟ್ಟೆ ಕಲ್ಲಿನ ಹಾಗೆ ಗಟ್ಟಿ. ಒಳಗೇ ರಕ್ತ ಸೋರುತ್ತಿತ್ತು. "ಮೇಡಂ!" ಎಂದು ಕಿರುಚಿಕೊಂಡೆ. ಹಸಿರು ಬಿಚ್ಚಿ ಕೆಂಪು ಕಟ್ಟಲು ಹೋದೆ, ಗಂಟು ಬಿಚ್ಚಿಕೊಳ್ಳಲೇ ಇಲ್ಲ. ಹಾಗೇ ಆಂಬುಲೆನ್ಸ್‌ಗೆ ಹಾಕಿದೆವು.

ದಾರಿಯಲ್ಲೇ ಹೋದರು.

ಫೆಬ್ರವರಿ 13

ಆ ಹೆಂಗಸಿಗೆ ಪ್ರಜ್ಞೆ ಬಂದಿದೆಯಂತೆ.

ಡಾಕ್ಟರಮ್ಮ ಮನೆಗೇ ಬಂದರು. "ನೀವು ಮಾಡಿದ್ದು ಸರಿಯಾಗೇ ಇದೆ. ನಾನಿದ್ರೂ ಹಸಿರೇ ಕಟ್ತಿದ್ದೆ." ಹೇಳುತ್ತಲೇ ಅತ್ತರು. ನನಗೆ ಅಳು ಬರಲಿಲ್ಲ. ಅಮ್ಮ ತಟ್ಟೆ ಮುಂದಿಟ್ಟರೆ ಅದು ಯಾತಕ್ಕೆ ಅಂತ ಹೊಳೆಯಲಿಲ್ಲ.

ಮಾರ್ಚ್ 2

ರಜೆ ಮುಗಿದು ಮೊದಲ ದಿನ. ಮಾಸ್ತರರ ಹೆಂಡತಿ ಬಂದಿದ್ದರು. ರೋಗಿಗಳ ಸಾಲಿನಲ್ಲೇ ಕೂತಿದ್ದರು, ಸರದಿ ಬಂದ ಮೇಲೆ ಎದ್ದರು.

"ಕೊನೆಗೆ ಅವ್ರ ಜೊತೆ ಮಾತಾಡಿದ್ದು ನೀವೇನಾ ತಾಯಿ?"

ತಲೆಯಾಡಿಸಿದೆ.

"ನೋವು ಅಂದ್ರಾ?"

"ಇಲ್ಲಮ್ಮ. ಬೇರೆಯವ್ರನ್ನ ನೋಡಿ ಅಂದ್ರು."

"ಅವ್ರು ಹಂಗೇ. ಹಲ್ಲು ಕೀಳಿಸ್ಕೊಂಡು ಬಂದ್ರೂ ಊಟಕ್ಕೆ ಬಡಿಸು ಅನ್ನೋರು. ಎದುರಿಗೆ ಕೂತು ಎರಡೆರಡು ಸಲ ಕೇಳ್ಬೇಕು, ಆಗ ಬಾಯಿ ಬಿಡೋರು. ನೀವು ಕೇಳಿದ್ರಾ?"

ಆಕ್ಷೇಪದ ದನಿಯಲ್ಲ. ತಿಳಿದುಕೊಳ್ಳಬೇಕಿತ್ತು ಅವರಿಗೆ, ಅಷ್ಟೆ.

ಕೇಳಿದ್ದೆ ಅಂದೆ. ನಿಜವೇ, ಕೇಳಿದ್ದೆ. ಆದರೆ ಒಂದೇ ಸಲ. ಅವರು ಹಸಿರು ಅಂದದ್ದೇ ತಡ, ಗಂಟು ಹಾಕಿ ಓಡಿಬಿಟ್ಟಿದ್ದೆ…