ಈಗಿಲ್ಲದ ನೇರದಾರಿಗೆ ಹಾಕಿದ ಗೇರು

ಮನೆಯಿಂದ
ಭಾನುವಾರ, ೧೪ ಸೆಪ್ಟೆಂಬರ್

ಸಮುದ್ರದ ಮೇಲಿರುವ ನಮ್ಮ ಮನೆ ಯಜಮಾನರಿಗೆ,

ಬೆನ್ನು ಹೇಗಿದೆ? ಎಂಜಿನ್ ಕೋಣೆಯ ಕಬ್ಬಿಣದ ಮೆಟ್ಟಿಲನ್ನು ಹದಿನೆಂಟರ ಹುಡುಗನ ಹಾಗೆ ಎರಡೆರಡು ಹಾರಿ ಇಳಿಯುವುದನ್ನು ಬಿಟ್ಟಿದ್ದೀರೋ ಇಲ್ಲವೋ? ಮುಲಾಮು ಮುಗಿದಿದ್ದರೆ ಮುಂದಿನ ಬಂದರಿನಲ್ಲಿ ತೆಗೆದುಕೊಳ್ಳಿ. ಹಡಗಿನಲ್ಲಿರುವವರೆಲ್ಲ ಒಂದೇ ಡಬ್ಬಿಗೆ ಬೆರಳದ್ದುವುದು ಬೇಡ. ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ. ಸುಸ್ತಾಗಿದ್ದೇವೆ ಎಂದು ಬರೆದರೆ ಸತ್ಯಕ್ಕೆ ಹತ್ತಿರ. ಅತ್ತೆಯವರ ಮಂಡಿ ಬೆಳಿಗ್ಗೆ ಮುಷ್ಕರ ಹೂಡುತ್ತದೆ, ಮಧ್ಯಾಹ್ನದ ಹೊತ್ತಿಗೆ ರಾಜಿಯಾಗುತ್ತದೆ. ನಾಲಿಗೆಗೆ ಮಾತ್ರ ಯಾವ ನೋವೂ ಇಲ್ಲ. ಮೊನ್ನೆ ಊಟಕ್ಕೆ ಕೂತವರು, "ಮಗ ನೀರಿನಲ್ಲಿ, ಸೊಸೆ ಪೇಪರಿನಲ್ಲಿ, ಮೊಮ್ಮಗಳು ಕಾರಿನ ಗ್ರೀಸಿನಲ್ಲಿ. ಈ ಮನೆ ನನಗೊಬ್ಬಳಿಗೇ ಕಟ್ಟಿಸಿದ್ದೇನೋ" ಅಂದರು. ನಾನು ಆಗಲೂ ಪೇಪರಿನಲ್ಲೇ ಇದ್ದೆ.

ನೀವು ಕಳಿಸಿದ ಮರದ ಪೆಟ್ಟಿಗೆ ಬಂದು ತಲುಪಿತು. ಇಬ್ಬರು ಹಿಡಿದು ಒಳಗಿಡಬೇಕಾಯಿತು. ಬೇರೆಯವರ ಮನೆಗೆ ಹಡಗಿನವರು ಸೆಂಟು, ಚಾಕಲೇಟು ಕಳಿಸುತ್ತಾರೆ. ನಮ್ಮ ಮನೆಗೆ ಮಗಳ ರೇಸ್ ಕಾರಿನ ಹಿಂಚಕ್ರ ತಿರುಗಿಸುವ ಹಲ್ಲುಗಾಲಿಗಳು, ಕ್ರೌನ್ ಮತ್ತು ಪಿನಿಯನ್, ಬರುತ್ತವೆ. ಅವನ್ನು ನೀವು ಕೆಲಸಕ್ಕೆ ಹಾಕುವ ಹಳೆಯ ಡಾಂಗ್ರಿಯಲ್ಲಿ ಸುತ್ತಿದ್ದಿರಲ್ಲ, ಮಗಳು ಗೇರಿಗಿಂತ ಮೊದಲು ಅದನ್ನು ಬಿಡಿಸಿ, ಒಗೆದು, ತೋಳು ಮಡಿಚಿ ಹಾಕಿಕೊಂಡು ವರ್ಕ್‌ಶಾಪಿಗೆ ಹೋದಳು. ಪೆಟ್ಟಿಗೆಯೊಳಗೆ ನಿಮ್ಮ ಅಪ್ಪಣೆಯೂ ಇತ್ತು: ಮೂರೂವರೆ ಸುತ್ತಿನ ಗೇರನ್ನೇ ಹಾಕಿ, ಹಿಂಚಕ್ರಗಳ ನಡುವಿನ ಡಿಫರೆನ್ಷಿಯಲ್ಲನ್ನು ವೆಲ್ಡ್ ಮಾಡಿ, ಜಾಸ್ತಿ ಯೋಚನೆ ಮಾಡಬೇಡಿ. ಈ ಮನೆಯ ಪದ್ಧತಿ ನಿಮಗೆ ಗೊತ್ತೇ ಇದೆ. ನೀವು ದೂರ ಹೋದಷ್ಟೂ ನಿಮ್ಮ ಮಾತಿಗೆ ತೂಕ ಹೆಚ್ಚು. ನಿಮ್ಮ ತಮ್ಮ, "ಅಣ್ಣ ಹೇಳಿದ ಮೇಲೆ ಮುಗೀತು ಅತ್ತಿಗೆ" ಎಂದು ಅಂದೇ ಕಾರನ್ನು ಎತ್ತಿ ನಿಲ್ಲಿಸಿದ. ಎರಡು ಹಿಂಚಕ್ರಗಳೂ ಯಾವಾಗಲೂ ಒಂದೇ ಸಮ ತಿರುಗುವ ಹಾಗೆ ಬೆಸುಗೆ ಹಾಕುತ್ತಾರೆ ಎಂದು ಅವನು ಅತ್ತೆಯವರಿಗೆ ವಿವರಿಸಿದಾಗ ಅವರು, "ನಿಮ್ಮಪ್ಪನಿಗೂ ನನಗೂ ಹಾಗೆ ಬೆಸುಗೆ ಹಾಕಿದ್ದಿದ್ರೆ ಮೊದಲನೇ ತಿರುವಿಗೇ ಸಂಸಾರ ಮಗುಚಿಕೊಳ್ತಿತ್ತು" ಅಂದರು. ಎಲ್ಲರೂ ನಕ್ಕೆವು. ನಕ್ಕು ಬೆಸುಗೆ ಹಾಕಿದೆವು.

ಈಗ ಕೇಳಿ, ಕಳೆದ ಭಾನುವಾರ ಅಭ್ಯಾಸದ ಓಟಕ್ಕೆ ಹೋದದ್ದು. ನೀವು ಹಿಂದೆ ರೇಸಿನಲ್ಲಿ ಕಪ್ ಗೆದ್ದ ಟ್ರ್ಯಾಕು ನಿಮ್ಮ ತಲೆಯಲ್ಲಿ ಹೇಗಿದೆಯೋ ನನಗೆ ಚೆನ್ನಾಗಿ ಗೊತ್ತು. ಮದುವೆಯಾದ ಹೊಸದರಲ್ಲಿ ಊಟದ ತಟ್ಟೆಯ ಮೇಲೆ ಬೆರಳಿನಿಂದ ಅದನ್ನೇ ಬರೆದು ತೋರಿಸುತ್ತಿದ್ದಿರಿ. ಹಳೇ ವಿಮಾನದ ಓಡುದಾರಿ, ಕೊನೆಯೇ ಕಾಣದ ನೇರದಾರಿ, ಅದರ ತುದಿಗೆ ಎರಡು ಅಗಲ ತಿರುವು. ಆ ನೇರದಾರಿ ಈಗಿಲ್ಲ. ಅರ್ಧ ಭಾಗವನ್ನು ಗೋದಾಮಿನವರಿಗೆ ಗುತ್ತಿಗೆಗೆ ಕೊಟ್ಟು, ಅಡ್ಡಲಾಗಿ ತಗಡಿನ ಬೇಲಿ ಎಬ್ಬಿಸಿದ್ದಾರೆ. ಬೇಲಿಗೆ ಮುಂಚೆ ಹಳೇ ಟೈರುಗಳ ಗೋಡೆ ಕಟ್ಟಿ, ಕೂದಲಿಗೆ ಹಾಕುವ ಪಿನ್ನಿನ ಹಾಗೆ ಒಂದು ಇಕ್ಕಟ್ಟಾದ ತಿರುವು ಮಾಡಿದ್ದಾರೆ. ರೇಸ್ ಕ್ಲಬ್ಬಿನ ಕಾರ್ಯದರ್ಶಿ ಇದನ್ನು ಸುರಕ್ಷತಾ ಸುಧಾರಣೆ ಎನ್ನುತ್ತಾನೆ. ಅದು ಸಾರ್ವಜನಿಕರ ಜಮೀನು. ಮಿಲಿಟರಿಯವರು ಬಿಟ್ಟುಹೋದಾಗ ಅಲ್ಲಿ ಊರಿನ ಮಕ್ಕಳಿಗೆ ಆಟದ ಮೈದಾನ ಎಂದು ಬೋರ್ಡು ನೆಟ್ಟಿದ್ದರು. ಮೈದಾನ ಬರಲಿಲ್ಲ, ಬೋರ್ಡು ಹೋಯಿತು. ಆಮೇಲೆ ರೇಸಿನವರಿಗೆ ಶಾಶ್ವತ ಎಂದರು. ಈಗ ಆ ಶಾಶ್ವತಕ್ಕೂ ಬೇಲಿ ಬಿತ್ತು. ಇದನ್ನೆಲ್ಲ ನೆನಪಿಟ್ಟುಕೊಂಡಿರುವವಳು ಲೈಬ್ರರಿಯಲ್ಲಿ ಹಳೇ ಪೇಪರ್ ಕಟ್ಟುವ ನಾನೊಬ್ಬಳೇ ಇರಬೇಕು. ಕಾರ್ಯದರ್ಶಿಗೆ ಬರೆದೆ, ಪೇಪರಿಗೂ ಬರೆದೆ. ಪೇಪರಿನವರು ಅರ್ಧ ಕತ್ತರಿಸಿ ಹಾಕಿದರು, ಅದೂ ಒಳ್ಳೆಯ ಅರ್ಧವನ್ನೇ ಕತ್ತರಿಸಿದರು. ಕಾರ್ಯದರ್ಶಿ ನನ್ನನ್ನು ಗೇಟಿನ ಹತ್ತಿರ ಕಂಡರೆ ಫೋನು ಕಿವಿಗಿಟ್ಟುಕೊಳ್ಳುತ್ತಾನೆ. ನನಗೂ ಮೊದಲಿನಷ್ಟು ಉಸಿರಿಲ್ಲ. ಸಿಟ್ಟು ಬರುತ್ತದೆ, ಬಂದು ಒಂದು ಕುರ್ಚಿ ಹುಡುಕಿಕೊಂಡು ಕೂತುಬಿಡುತ್ತದೆ.

ಅಂಥ ಟ್ರ್ಯಾಕಿಗೆ ನಾವು ನಿಮ್ಮ ಗೇರು ತೆಗೆದುಕೊಂಡು ಹೋದೆವು. ಬೇಲಿ ಎದ್ದಿರುವುದು ನಮ್ಮೆಲ್ಲರ ಕಣ್ಣೆದುರಿಗೇ ಇತ್ತು, ಆದರೂ ಗೇರು ಆರಿಸಿದ್ದು ನಿಮ್ಮ ನೆನಪಿನ ಟ್ರ್ಯಾಕಿಗೆ. ಬೇರೆ ಯಾರ ಮನೆಯಲ್ಲೂ ಇಂಥ ತಪ್ಪು ಆಗಲಿಕ್ಕಿಲ್ಲ. ಚಕ್ರ ಒಂದು ಸುತ್ತು ಬರಲು ದಂಡ ಮೂರೂವರೆ ಸುತ್ತು ತಿರುಗುವ ಈ ಗೇರಿಗೆ ಓಡಿ ಓಡಿ ವೇಗ ಹಿಡಿಯಲು ಜಾಗ ಬೇಕು, ಅದು ನನ್ನಂಥವಳಿಗೂ ಅರ್ಥವಾಗುತ್ತದೆ. ಈಗ ಅಲ್ಲಿ ಮೇಲಿನ ಗೇರಿಗೆ ಕೈ ಹಾಕುವ ಹೊತ್ತಿಗೆ ಟೈರಿನ ಗೋಡೆ ಬಂದುಬಿಡುತ್ತದೆ. ಹೊಸ ತಿರುವಿನಲ್ಲಿ ಎರಡನೇ ಗೇರಿನಲ್ಲಿದ್ದರೆ ಎಂಜಿನ್ ಕೆಮ್ಮುತ್ತದೆ, ಮೊದಲನೆಯದಕ್ಕೆ ಇಳಿಸಿದರೆ ಕಿರುಚುತ್ತದೆ. ಅತ್ತ ದರಿ, ಇತ್ತ ಪುಲಿ. ಬೆಸುಗೆ ಹಾಕಿದ ಚಕ್ರಗಳ ಕಥೆ ಇನ್ನೂ ಚೆಂದ. ಅಗಲ ತಿರುವಿನಲ್ಲಿ ಅವು ನಿಮ್ಮ ಮಾತು ಕೇಳುತ್ತಿದ್ದವೇನೋ. ಈ ಇಕ್ಕಟ್ಟಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಎರಡನ್ನೂ ಒಂದೇ ಸಮ ತಿರುಗು ಎಂದರೆ ಕಾರು ಸ್ಟೇರಿಂಗಿಗೆ ಬೆನ್ನು ಹಾಕಿ ನೆಟ್ಟಗೆ ಹೋಗುತ್ತದೆ. ಹೋಯಿತು. ಟೈರಿನ ಗೋಡೆಗೆ ಮೂತಿ ತಾಗಿಸಿ ನಿಂತಿತು. ಗಾಬರಿಯಾಗಬೇಡಿ, ಬಂಪರ್ ಸೊಟ್ಟಗಾಗಿದೆ, ಮಗಳ ಮಣಿಕಟ್ಟು ಸ್ವಲ್ಪ ಊದಿತ್ತು, ಈಗ ಇಳಿದಿದೆ. ಅವಳು ಹೆಲ್ಮೆಟ್ ತೆಗೆದು ನನ್ನ ಹತ್ತಿರ ಬಂದು ನೀರು ಕುಡಿದು ಹೇಳಿದ್ದು ಇಷ್ಟೇ: "ಅಪ್ಪನ ಟ್ರ್ಯಾಕಲ್ಲಾಗಿದ್ರೆ ನಾನೇ ಫಸ್ಟ್ ಬರ್ತಿದ್ದೆ, ಅಮ್ಮ."

ಆ ದಿನದ ಸಮಯದ ಪಟ್ಟಿಯಲ್ಲಿ ಕಡೆಯವಳಾದಳು. ಮೊದಲ ವರ್ಷದವರಿಗೆ ಕ್ಲಬ್ಬು ಒಂದು ಮಿತಿ ಇಟ್ಟಿದೆ. ಮುಂದಿನ ತಿಂಗಳ ಕೊನೆಯ ರೇಸಿನೊಳಗೆ ಅವರು ಹೇಳಿದ ಸಮಯದಲ್ಲಿ ಒಂದು ಸುತ್ತು ಮುಗಿಸದಿದ್ದರೆ ಪೂರ್ಣ ಲೈಸೆನ್ಸ್ ಇಲ್ಲ, ಮತ್ತೆ ಒಂದು ವರ್ಷ ಹೊಸಬರ ಸಾಲಿನಲ್ಲಿ ನಿಲ್ಲಬೇಕು. ಅವಳು ಕೆಲಸಕ್ಕೆ ಹೋಗಿ ಬಂದು, ರಜೆ ಕೂಡಿಟ್ಟು, ಇದನ್ನು ಮಾಡುತ್ತಿದ್ದಾಳೆ. ಇನ್ನೊಂದು ವರ್ಷ ಹೀಗೆ ಎಳೆಯುತ್ತಾಳೆ ಎಂದು ನನಗೆ ಅನ್ನಿಸುವುದಿಲ್ಲ. ಬಿಟ್ಟುಬಿಡುತ್ತಾಳೆ, ಬಿಟ್ಟೆ ಎಂದು ನಿಮಗೆ ಹೇಳುವುದೂ ಇಲ್ಲ.

ದಾರಿ ಇಲ್ಲವೆಂದಲ್ಲ. ನಿಮ್ಮ ತಮ್ಮನ ಗೆಳೆಯನ ಹತ್ತಿರ ಅಪಘಾತವಾದ ಕಾರೊಂದರ ಡಿಫರೆನ್ಷಿಯಲ್ ಇತ್ತು. ಲಿಮಿಟೆಡ್ ಸ್ಲಿಪ್ಪಿನದು, ಜೊತೆಗೆ ಬೇಗ ವೇಗ ಹಿಡಿಯುವ ನಾಲ್ಕೂ ಚಿಲ್ಲರೆ ಸುತ್ತಿನ ಗೇರು. ತಿರುವಿನಲ್ಲಿ ಚಕ್ರಗಳಿಗೆ ಬೇಕಾದಷ್ಟು ಸ್ವಾತಂತ್ರ್ಯ ಕೊಡುತ್ತದೆ, ಒಂದು ಚಕ್ರ ಸುಮ್ಮನೆ ಜಾರತೊಡಗಿದರೆ ಹಿಡಿಯುತ್ತದೆ. ಹಳೆಯದೇ ಇರಬಹುದು, ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ. ನಿಮ್ಮ ತಮ್ಮ ಅದನ್ನು ತಂದು, ಒಳಗಿನ ಪ್ಲೇಟುಗಳನ್ನು ಬದಲಾಯಿಸಿ, ಎಣ್ಣೆ ಹಾಕಿ ಬೆಂಚಿನ ಮೇಲೆ ಇಟ್ಟಿದ್ದಾನೆ. ಟೈರಿನ ಸುತ್ತಳತೆ, ಎಂಜಿನ್ ಯಾವ ವೇಗದಲ್ಲಿ ಚುರುಕಾಗಿರುತ್ತದೆ, ಪ್ರತಿ ತಿರುವಿನಿಂದ ಎಷ್ಟು ವೇಗದಲ್ಲಿ ಹೊರಬರುತ್ತೇವೆ ಎಂದು ಮಗಳು ಲೆಕ್ಕ ಹಾಕಿ, ಇದೇ ಸರಿ ಎಂದು ಹೇಳಿದ್ದಳು. ಅದೂ ನಿಮ್ಮ ಪೆಟ್ಟಿಗೆ ಬರುವುದಕ್ಕೆ ಮೊದಲೇ. ಪೆಟ್ಟಿಗೆ ಬಂದ ಮೇಲೆ ಆ ಲೆಕ್ಕದ ಮಾತೇ ಎತ್ತಲಿಲ್ಲ. ನಿಮ್ಮ ಗೇರು ಇನ್ನೂ ಕಾರಿನಲ್ಲೇ ಇದೆ. ಯಾಕೆ ಇದೆ ಎಂದು ನಿಮ್ಮ ತಮ್ಮನಿಗೆ ಬೈಯಬೇಡಿ. ಅವನು ಅಣ್ಣನ ಮಾತು ಮೀರದವನು ಎಂದು ಹೊಗಳಲೂ ಬೇಡಿ.

ನಿಮಗೆ ನೋವಾಗಲಿ ಎಂದು ಇದನ್ನು ಬರೆಯುತ್ತಿಲ್ಲ. ಸಮುದ್ರದಲ್ಲಿ ವರ್ಷಕ್ಕೆ ಹತ್ತು ತಿಂಗಳು ಇರುವವರಿಗೆ ಊರು ಕೊನೆಯ ಸಲ ನೋಡಿದ ಹಾಗೆಯೇ ಉಳಿದುಬಿಡುತ್ತದೆ. ಬೀದಿಯ ಕೊನೆಯ ಬೇಕರಿ ಮುಚ್ಚಿತು, ಮಹಡಿ ಮೆಟ್ಟಿಲಿಗೆ ಕಂಬಿ ಹಾಕಿಸಿದೆವು, ಮಗಳು ಕನ್ನಡಕ ಹಾಕಿಕೊಳ್ಳುತ್ತಾಳೆ. ಹೇಳಿರಲಿಲ್ಲ ಅಲ್ಲವೇ? ಒಂದೊಂದೂ ಸಣ್ಣದು ಅಂತ ಹೇಳುವುದೇ ಇಲ್ಲ.

ಅತ್ತೆಯವರು ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ಸ್ವೆಟರ್ ಹಾಕಿಕೊಳ್ಳಲು ಹೇಳಿದ್ದಾರೆ. ನೀವಿರುವ ಕಡೆ ಸೆಕೆ ಎಂದರೆ ಅವರು ನಂಬುವುದಿಲ್ಲ. ನಿಮ್ಮ ತಮ್ಮನದು ನಮಸ್ಕಾರ. ನಿಮ್ಮ ಜೊತೆಯ ಅಡುಗೆಯವರನ್ನೂ ಕೇಳಿದೆನೆಂದು ಹೇಳಿ, ಕಳೆದ ಸಲ ನಿಮ್ಮನ್ನು ಸೊರಗದ ಹಾಗೆ ವಾಪಸು ಕಳಿಸಿದ ಪುಣ್ಯಾತ್ಮ. ಕೈ ಸೋತಿದೆ, ಇಲ್ಲಿಗೆ ಮುಗಿಸುತ್ತೇನೆ.

ನೀವೇ ಹೆಸರಿಟ್ಟ,
ನಿಮ್ಮ ತಕರಾರಮ್ಮ

ಅಂಚೆಗೆ ಹಾಕುವ ಮುಂಚೆ ಒಂದು ಮಾತು. ಮೇಲೆ ಪೂರ್ತಿ ಹೇಳಲಿಲ್ಲ. ಗೇರು ಬದಲಾಯಿಸಲು ನಿಮ್ಮ ತಮ್ಮನನ್ನು ನಾನು ಒಪ್ಪಿಸಿದ್ದೆ, ಮಂಗಳವಾರ ಅವನು ಬಿಚ್ಚುವುದಕ್ಕೆ ಕಾರಿನಡಿ ಮಲಗಿಯೂ ಆಗಿತ್ತು. ತಡೆದವಳು ಮಗಳು. "ಅಷ್ಟು ದೂರದಿಂದ ಅಪ್ಪನ ಕೈಲಿ ಮಾಡೋಕಾಗೋದು ಇದೊಂದೇ. ಇದನ್ನೂ ತೆಗೆದುಬಿಟ್ರೆ ಅವರದು ಅಂತ ಕಾರಲ್ಲಿ ಏನಿರುತ್ತೆ? ಸೋತ್ರೆ ಸೋಲ್ತೀನಿ ಬಿಡಿ ಚಿಕ್ಕಪ್ಪ" ಅಂದಳು. ನಿಮಗೆ ತಿಳಿಸಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲೇ ಕೂತಿರುತ್ತಾಳೆ, ಅದಕ್ಕೇ ಈ ಕಾಗದ. ಬಂದರು ತಲುಪಿದ ದಿನವೇ ಅವಳಿಗೆ ಫೋನು ಮಾಡಿ. ನಾನು ಬರೆದದ್ದರ ಬಗ್ಗೆ ಬಾಯಿ ಬಿಡಬೇಡಿ. ಟ್ರ್ಯಾಕು ಈಗ ಹೇಗಿದೆ ಎಂದು ಕೇಳಿ, ಯಾವ ಗೇರು ಹಾಕೋಣ ಎಂದು ಕೇಳಿ. ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ, ಲೈನು ಕಟ್ಟಾಯಿತೇನೋ ಅನ್ನಿಸಿದರೂ. ಅವಳು ಒಂದೇ ಸಲಕ್ಕೆ ಹೇಳುವವಳಲ್ಲ.