ಡಾಕ್ಟರರನ್ನು ಸಕ್ಕರೆಯಲ್ಲಿ ತೂಗಿದ್ದು

ಸಿಂದಗಿ
ತಾ. 12-11-1961, ರವಿವಾರ

ತಂಗಿ ಸುಗ್ರಾಗೆ ಅಣ್ಣ ಗೈಬುಸಾಬ ಮಾಡುವ ದುವಾ.

ನೀವೆಲ್ಲ ಆರಾಮ ಇದ್ದೀರೆಂದು ನಂಬಿದ್ದೇನೆ. ಮುದ್ದೇಬಿಹಾಳದ ನೀರು ನಿನಗೆ ಒಗ್ಗಿತೋ ಇಲ್ಲವೋ? ಮಗಳು ಅಬಿದಾಳ ಕೆಮ್ಮು ನಿಂತಿತೇ? ಪಾಪ, ನಿನ್ನ ಯಜಮಾನರು ವರ್ಗವಾಗಿ ಹೋದ ಶಾಲೆಗೆ ಛತ್ತೇ ಇಲ್ಲವೆಂದು ನೀನು ಬರೆದಿದ್ದೆ. ಮಾಸ್ತರರಿಗೆ ಹೇಳು, ಮಕ್ಕಳು ಆಕಾಶ ನೋಡುತ್ತ ಕಲಿತರೆ ಭೂಗೋಳ ಬೇಗ ಬರುತ್ತದೆ. ನನ್ನ ಮೊಣಕಾಲು ನೋವು ಇದ್ದಲ್ಲೇ ಇದೆ. ಅದನ್ನು ವರ್ಗ ಮಾಡುವ ಸಾಹೇಬರು ಇನ್ನೂ ಹುಟ್ಟಿಲ್ಲ. ನಿನ್ನ ಅತ್ತಿಗೆ ಅಮೀನಾಬಿ ಶೇಂಗಾ ಹಿಂಡಿ ಕುಟ್ಟಿ ಇಟ್ಟಿದ್ದಾಳೆ. ಆ ಕಡೆ ಬರುವವರು ಸಿಕ್ಕರೆ ಕಳಿಸುತ್ತೇನೆ.

ಇನ್ನು ನೀನು ಹೇಳಿದ ಕೆಲಸ. ಅಲ್ಲಿಯ ಹೊಸ ದವಾಖಾನೆಯಲ್ಲಿ ಸಕ್ಕರೆ ಬ್ಯಾನಿಯವರಿಗೆ ತಿಳಿಸಿ ಹೇಳಲು ಒಬ್ಬ ಹೆಣ್ಣುಮಗಳು ಬೇಕಾಗಿದ್ದಾಳೆ, ಇಲ್ಲಿ ನಮ್ಮ ರಾವಸಾಬ ಡಾಕ್ಟರರ ಕೈಕೆಳಗೆ ನೀನು ಐದು ವರ್ಷ ಏನು ಕೆಲಸ ಮಾಡಿದೆ ಎಂದು ಅವರಿಂದ ತಿಂಗಳೊಳಗೆ ಒಂದು ಪತ್ರ ಬಂದರೆ ನೌಕರಿ ನಿನಗೇ, ಎಂದು ಬರೆದಿದ್ದೆ. ನಾನು ಮೂರು ಸಲ ಅವರ ಬಾಗಿಲಿಗೆ ಹೋದೆ. ಮೂರು ಸಲವೂ ಒಂದೇ ಮಾತು: “ಸತ್ಕಾರ ಒಂದು ಮುಗೀಲಿ ಗೈಬುಸಾಬ, ಆಮ್ಯಾಲ ಬರದು ಕೊಡ್ತೇನಿ.” ಯಾವ ಸತ್ಕಾರ ಅಂತೀಯಾ? ಕೇಳು. ಕೂತುಕೊಂಡು ಕೇಳು, ನಿಂತು ಕೇಳುವಂಥದ್ದಲ್ಲ.

ಹದಿನೈದು ದಿನದ ಹಿಂದೆ ಊರ ಮಂದಿ ನನ್ನ ಅಡತಿ ಅಂಗಡಿಗೆ ಬಂದು ಜೋಳ ತೂಗುವ ದೊಡ್ಡ ತಕ್ಕಡಿ ಕೇಳಿದರು. ಎದಕ್ಕ ಅಂದೆ. “ಡಾಕ್ಟರ್ನ ತೂಗಾಕ ಬೇಕ್ರಿ ಕಾಕಾ. ಸಕ್ರಿಯೊಳಗ!” ನಾನು ನಕ್ಕೆ. ಅವರು ನಗಲಿಲ್ಲ. ದರ್ಗಾದಲ್ಲಿ ಹರಕೆಯ ಕೂಸನ್ನು ಸಕ್ಕರೆಯಲ್ಲಿ ತೂಗುತ್ತೇವೆ, ಗುಡಿಯಲ್ಲಿ ಬೆಲ್ಲದಲ್ಲಿ ತೂಗುತ್ತಾರೆ. ನಮ್ಮ ಕಡೆ ಮರ್ಯಾದೆ ಅಂದರೆ ಸಿಹಿಯ ತುಲಾಭಾರ, ಅದಕ್ಕಿಂತ ಮೇಲಿನದು ಯಾರ ತಲೆಗೂ ಹೊಳೆಯುವುದಿಲ್ಲ. “ಸಕ್ರಿ ಬ್ಯಾನಿ ಡಾಕ್ಟರ್ಗ ಸಕ್ರಿ ಏನ್ರೋ? ನಾಳೆ ಹಾವಿನ ಔಷಧ ಕೊಡಾಂವನ್ನ ಹಾವಿನೊಳಗ ತೂಗ್ತೀರೇನು?” ಅಂದೆ. “ನೀವು ಎಲ್ಲಾದಕ್ಕೂ ವಕ್ರ ಮಾತಾಡ್ತೀರಿ” ಅಂತ ತಕ್ಕಡಿ ಎತ್ತಿಕೊಂಡು ಹೋದರು. ತಕ್ಕಡಿ ನನ್ನದಾದ ಮೇಲೆ ತೂಗುವವನೂ ನಾನೇ ಆಗಬೇಕಾಯಿತು.

ಮೊನ್ನೆ ಗುರುವಾರ ಪೆಂಡಾಲು ಹಾಕಿದರು. ಬಿಜಾಪುರದಿಂದ ಒಬ್ಬ ಹಿರಿಯ ಡಾಕ್ಟರು ಅತಿಥಿಯಾಗಿ ಬಂದಿದ್ದರು. ಮುಂದಿನ ಸಾಲಿನಲ್ಲಿ ಕನ್ನೊಳ್ಳಿ, ಮೋರಟಗಿಯ ಸಕ್ಕರೆ ಬ್ಯಾನಿಯವರನ್ನು ಕೂಡಿಸಿದ್ದರು, ಹಬ್ಬಕ್ಕೆ ಭಾಂಡೆ ತಿಕ್ಕಿ ಸಾಲಾಗಿ ಇಟ್ಟ ಹಾಗೆ. ಎಣಿಸಿದೆ, ಹತ್ತೊಂಬತ್ತು ಮಂದಿ. ಹತ್ತೊಂಬತ್ತೂ ಮಂದಿ ನಿನ್ನ ಕೈಯಲ್ಲಿ ಪಳಗಿದವರು. ಮಾನಪತ್ರ ಓದಿದರು: “ಮಧುಮೇಹದ ಚಿಕಿತ್ಸೆ, ಸಂಶೋಧನೆ ಮತ್ತು ಶಿಕ್ಷಣದಲ್ಲಿ ಅಪ್ರತಿಮ ಸಾಧನೆ.” ನಾನು ವ್ಯಾಪಾರಿ, ಮೂಟೆ ಬಿಚ್ಚದೆ ಮಾಲು ತಗೊಳ್ಳುವವನಲ್ಲ. ಚಿಕಿತ್ಸೆ ಅವರದು, ಒಪ್ಪುತ್ತೇನೆ. ಸೂಜಿ ಅವರದು, ಗುಳಿಗೆ ಅವರದು, ಬಡವರನ್ನು ಬಾಗಿಲಿಂದ ಹೊರಗೆ ಹಾಕಿದವರಲ್ಲ. ಆದರೆ ಸಂಶೋಧನೆ? ಶಿಕ್ಷಣ? ಅಕ್ಷರ ಬಾರದ ಹೆಂಗಸರಿಗೆ ವಹಿ ಕೊಟ್ಟು ಏನು ಉಪಯೋಗ ಅಂತ, ಹಾಲಿನವಳ ಲೆಕ್ಕಕ್ಕೆ ಗೋಡೆಗೆ ಸುಣ್ಣದ ಚುಕ್ಕಿ ಇಡುವಂತೆ ಉಚ್ಚೆಯಲ್ಲಿಯ ಸಕ್ಕರೆಯ ಲೆಕ್ಕಕ್ಕೂ ಚುಕ್ಕಿ ಇಡಿಸಿದವರು ಯಾರು? ನಳಿಗೆಯಲ್ಲಿ ಉಚ್ಚೆ ಬೆರೆಸಿ ಕಾಯಿಸಿದಾಗ ನೀಲಿ ಔಷಧ ನೀಲಿಯಾಗೇ ಉಳಿದರೆ ಬಟ್ಟೆ ನೀಲಿಯ ಚುಕ್ಕಿ, ಹಸಿರಾದರೆ ಎಲೆಯ ರಸ, ಹಳದಿಯಾದರೆ ಅರಿಷಿಣ, ಸಕ್ಕರೆ ಮಿತಿಮೀರಿ ಇಟ್ಟಂಗಿ ಬಣ್ಣಕ್ಕೆ ತಿರುಗಿದರೆ ಕೆಮ್ಮಣ್ಣು. ಕೆಮ್ಮಣ್ಣಿನ ಚುಕ್ಕಿ ಮೂರು ದಿನ ಸಾಲಾಗಿ ಬಿದ್ದರೆ ಗಾಡಿ ಕಟ್ಟಿಕೊಂಡು ಸಿಂದಗಿಗೆ ಬರಬೇಕು. ಇಷ್ಟನ್ನು ಕಲಿಸಲು ಬಿಸಿಲಲ್ಲಿ ಊರೂರು ನಡೆದವಳು ನೀನು. ಕನ್ನೊಳ್ಳಿಯ ಹಾದಿಯಲ್ಲಿ ನಿನ್ನ ಚಪ್ಪಲಿ ಎಷ್ಟು ಸಲ ಹರಿಯಿತೆಂದು ಹೊಲಿಸಿ ತಂದ ನನಗೆ ಗೊತ್ತು. ಡಾಕ್ಟರರು ಮೈಕಿನ ಮುಂದೆ ನಿಂತು “ನಾನು ಕಂಡುಹಿಡಿದ ಚುಕ್ಕಿ ಪದ್ಧತಿ” ಅಂದರು. ಒಂದು ಸಲವಲ್ಲ, ನಾಲ್ಕು ಸಲ.

ಆಮೇಲೆ ತೂಗಿದೆ. ಎಪ್ಪತ್ತೆಂಟು ಕಿಲೋ ಬಂದರು. ತೂಗಿದ ಸಕ್ಕರೆಯನ್ನು ಪ್ರಸಾದವೆಂದು ಹಂಚಬೇಕಲ್ಲ, ಹಂಚಲು ಹೊರಟವರು ಮುಂದಿನ ಸಾಲಿನಿಂದಲೇ ಸುರು ಮಾಡಿದರು! ಸಕ್ಕರೆ ಬ್ಯಾನಿಯವರ ಬೊಗಸೆಗೆ ಬೊಗಸೆ ತುಂಬ ಸಕ್ಕರೆ. ಪ್ರಸಾದ ಒಲ್ಲೆ ಅನ್ನುವುದು ಹೇಗೆ? ಮಂದಿ ಮಂಕಾಗಿ ಕೈ ಒಡ್ಡಿದರು. ಮೋರಟಗಿಯ ಬೀರಣ್ಣ ಬಾಯಿಗೇ ಹಾಕಿಕೊಂಡುಬಿಟ್ಟ. ಕನ್ನೊಳ್ಳಿಯ ಶೆಟ್ಟೆವ್ವ ಮಾತ್ರ ಕೈ ಹಿಂದೆ ಕಟ್ಟಿಕೊಂಡು ಎದ್ದು ನಿಂತಳು. “ಒಲ್ಲೆನಪಾ. ಇದನ್ನ ತಿಂದ್ರ ನಾಳೆ ನನ್ನ ಗ್ವಾಡಿಗೆ ಕೆಂಪ ಚುಕ್ಕಿ ಬೀಳತೈತಿ. ಸುಗ್ರಾಬಾಯಿ ಬಂದು ನೋಡಿದ್ರ ನಾ ಏನ್ ಹೇಳ್ಲಿ?” ಮುದುಕಿಯ ದನಿ ಗೊತ್ತಲ್ಲ ನಿನಗೆ, ಅದಕ್ಕೆ ಮೈಕು ಬೇಕಿಲ್ಲ. ಬಿಜಾಪುರದ ಡಾಕ್ಟರು ತಟ್ಟನೆ ತಲೆ ಎತ್ತಿ, ಸುಗ್ರಾಬಾಯಿ ಯಾರು ಅಂತ ಕೇಳಿದರು. ನಮ್ಮ ಡಾಕ್ಟರರು ಹಾರ ಸರಿಮಾಡಿಕೊಳ್ಳುತ್ತ ಹೇಳಿದರು: “ನಮ್ಮಲ್ಲಿ ಬಾಟ್ಲಿ ತೊಳೀತಿದ್ಲ್ರಿ, ಒಬ್ಬಾಕಿ.” ಅತಿಥಿ ಕಿಸೆಯಿಂದ ಸಣ್ಣ ಪುಸ್ತಕ ತೆಗೆದು ನಿನ್ನ ಹೆಸರು ಬರೆದುಕೊಂಡರು.

ನಾನು ಅಲ್ಲೇ ಇದ್ದೆ, ಸುಗ್ರಾ. ಎರಡು ಮಾರು ದೂರದಲ್ಲಿ, ತಕ್ಕಡಿಯ ಹಗ್ಗ ಹಿಡಿದು. ಈ ಬಜಾರದಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ, ಹಮಾಲನಾಗಿ ಬಂದವನು ಬಾಯಿಂದಲೇ ಅಂಗಡಿ ಕಟ್ಟಿದ್ದೇನೆ. ಅವತ್ತು ಆ ಬಾಯಿ ತೆರೆಯಲಿಲ್ಲ. ನಿನ್ನ ನೌಕರಿಯ ಪತ್ರ ಇನ್ನೂ ಅವರ ಕೈಯಲ್ಲಿದೆ, ಈಗ ಮಾತಾಡಿದರೆ ತಂಗಿಯ ನೌಕರಿ ಹೋದೀತು ಅಂತ ಒಳಗೇ ಸೌದಾ ಕುದುರಿಸಿಕೊಂಡೆ. ಇಷ್ಟು ಕೆಟ್ಟ ಸೌದಾ ನಾನು ಜನ್ಮದಲ್ಲಿ ಮಾಡಿಲ್ಲ. ಮಾರನೇ ದಿನ ಪತ್ರ ಕೊಟ್ಟರು. ನೋಡು: “ಸುಗ್ರಾ ಎಂಬಾಕೆ ಐದು ವರ್ಷ ನಮ್ಮ ದವಾಖಾನೆಯಲ್ಲಿ ಬಾಟಲಿ ತೊಳೆಯುವ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದ್ದು, ಒಂದನ್ನೂ ಒಡೆದಿರುವುದಿಲ್ಲ.” ಒಡೆದಿರುವುದಿಲ್ಲವಂತೆ! ಆ ಚೀಟಿಯನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ನೀನು ಶಾಂತ ಸ್ವಭಾವದವಳು, “ಹೋಗ್ಲಿ ಬಿಡಣ್ಣಾ, ಮಂದಿಗೆ ಗುಣ ಆದ್ರ ಸಾಕು” ಅಂತೀ. ಮಂದಿಗೆ ಗುಣವಾಯಿತು. ಅದಕ್ಕೇ ನನಗೆ ಸಿಟ್ಟು ಹೆಚ್ಚು. ಬೀರಣ್ಣ ಎರಡು ದಿನ ಮಲಗಿ ಈಗ ಎದ್ದಿದ್ದಾನೆ. ನೀನಿದ್ದಿದ್ದರೆ ಆ ಸಕ್ಕರೆ ಮುಂದಿನ ಸಾಲಿಗೆ ಬರುತ್ತಲೇ ಇರಲಿಲ್ಲ.

ಮಾಸ್ತರರಿಗೆ ನನ್ನ ಸಲಾಮು. ಅಬಿದಾಳ ಕೆನ್ನೆಗೆ ಎರಡು ಮುದ್ದು, ಒಂದು ನನ್ನದು, ಒಂದು ಅವಳ ಮಾಮಿಯದು. ಖುದಾ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಣ್ಣ,
ಗೈಬುಸಾಬ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಕಂಪೌಂಡರ ಬಾಬುಲಾಲ ಓಡಿ ಬಂದ. ಎರಡು ಕಾಗದ ತಂದಿದ್ದ. ಒಂದು, ಡಾಕ್ಟರರು ಬರೆದ ಹೊಸ ಪತ್ರ. ನಿನ್ನನ್ನು ಹೊಗಳಿ ಹೊಗಳಿ ಅಟ್ಟಕ್ಕೆ ಏರಿಸಿದ್ದಾರೆ, ಅದು ಕೈಗೆ ಬಂದರೆ ನಾಳೆಯೇ ನಿನಗೆ ನೌಕರಿ. ಇನ್ನೊಂದು, ನಿನ್ನ ಹೆಸರು ಬರೆದುಕೊಂಡು ಹೋದ ಬಿಜಾಪುರದ ಡಾಕ್ಟರಿಗೆ ನೀನೇ ಬರೆದ ಹಾಗೆ ಇವರು ತಯಾರು ಮಾಡಿದ್ದು: ಚುಕ್ಕಿ ಪದ್ಧತಿ ಎಲ್ಲಾ ರಾವಸಾಬ ಡಾಕ್ಟರರದೇ, ನಾನು ಅವರು ಹೇಳಿದಷ್ಟು ಮಾಡಿದವಳು, ಅಂತ. ಅದಕ್ಕೆ ನಿನ್ನ ಸಹಿ ಬಿದ್ದರೆ ಮೊದಲನೆಯದು ಸಿಗುತ್ತದೆ. ನಿನ್ನನ್ನು ಕೇಳಿ ತಿಳಿಸುತ್ತೇನೆ ಅನ್ನಬೇಕಿತ್ತು. ಅನ್ನಲಿಲ್ಲ. ಎರಡನ್ನೂ ಬಾಬುಲಾಲನ ಎದುರಿಗೇ ಹರಿದೆ. ನಿನ್ನ ನೌಕರಿ ನಾನು ಹರಿದೆ, ಸುಗ್ರಾ. ಎಷ್ಟು ಬೇಕಾದರೂ ಬೈದು ಬರಿ, ಓದುತ್ತೇನೆ. ಆದರೆ ಆ ಕಾಗದಕ್ಕೆ ಸಹಿ ಹಾಕುತ್ತಿದ್ದೆಯೋ ಇಲ್ಲವೋ, ಅದೊಂದನ್ನು ಮಾತ್ರ ನನಗೆ ಬರೆಯಬೇಡ.