ಮೂರು ವರ್ಷ ಕೆಂಪಗಿದ್ದ ಹಕ್ಕಿ

ದುಂಡಸಿ
ಜೂನ್ ೧೯೪೧

ಗೆಳೆಯ ಇಸ್ಮಾಯಿಲಸಾಬನಿಗೆ,

ಎರಡು ತಿಂಗಳಾಯಿತು ನೀನು ಸವಣೂರಿನಿಂದ ಇತ್ತ ಕಾಲಿಡದೆ. ಎರಡು ಪತ್ರ ಬರೆದೆ, ಉತ್ತರವಿಲ್ಲ. ಓದಲು ಬಾರದು ಎಂಬ ನೆಪ ಬೇಡ. ನಿನ್ನ ಮಗಳು ರಮಜಾನಬಿಗೆ ಅಕ್ಷರ ಕಲಿಸಿದವನು ನಾನೇ. ಒಂದು ಸಾಲೂ ಬಿಡದೆ ಅಪ್ಪನಿಗೆ ಓದಿ ಹೇಳವ್ವಾ.

ಮೂರು ವರ್ಷದ ಹಿಂದೆ ಬೆಳವದ ಹಕ್ಕಿ ಹಿಡಿಯಲೆಂದು ನಮ್ಮ ಮಾವಿನ ತೋಪಿನಲ್ಲಿ ನೀನು ಒಡ್ಡಿದ ಕುಣಿಕೆಗೆ, ಗೂಡಿನಿಂದ ಆಗಷ್ಟೇ ಇಳಿದ ರಾಜಹಕ್ಕಿಯ ಕೆಂಪು ಮರಿ ಸಿಕ್ಕಿತು. ಬಿಡಿಸುವಾಗ ಅದರ ಎಡಗಾಲಿನ ಒಂದು ಬೆರಳು ಹೋಯಿತು. ಅಂದು ನೀನು ಊಟ ಮಾಡಲಿಲ್ಲ.

ಮರುವರ್ಷ ಅದೇ ಮರಕ್ಕೆ, ಉದ್ದ ಬಾಲದ ಮುದಿ ಬಿಳಿ ಗಂಡಿನ ಪಕ್ಕಕ್ಕೇ, ಮೋಟು ಬಾಲದ ಕೆಂಪು ಹಕ್ಕಿ ಬಂತು. "ಇದು ಹೆಣ್ಣು ರೀ ಮಾಸ್ತರ" ಎಂದೆ ನೀನು. ಅದರ ಮುಂದಿನ ವರ್ಷ ಬಾಲ ಗೇಣುದ್ದ ಬೆಳೆಯಿತು, ಬಣ್ಣ ಮಾತ್ರ ಕೆಂಪೇ. "ಹಂಗಾದ್ರ ಇದು ಬ್ಯಾರೆ ಜಾತಿ. ಬಿಳೀದು ಬ್ಯಾರೆ, ಕೆಂಪಂದು ಬ್ಯಾರೆ" ಎಂದು ನೀನು ಸಂತೆ ತುಂಬ ಸಾರಿದೆ. ಅಯ್ಯೋ, ಎರಡೂ ಒಂದೇ, ಗಂಡು ಮರಿ ಬಿಳಿ ಗರಿ ಉಡಲು ವರ್ಷಗಟ್ಟಲೆ ತಡಮಾಡುತ್ತದೆ ಎಂದು ನಾನು ಬಡಕೊಂಡೆ. "ಯಾಕ ತಡ ಮಾಡ್ತೈತಿ, ಹೇಳ್ರಿ ನೋಡೋಣು" ಎಂದು ನೀನು ನಕ್ಕೆ. ನನಗೆ ಗೊತ್ತಿರಲಿಲ್ಲ.

ಈ ಏಪ್ರಿಲ್‌ನಲ್ಲಿ ಆ ಕೆಂಪು ಹಕ್ಕಿಯ ಬದಲು ಹೊಸದೊಂದು ಬಿಳಿ ಹಕ್ಕಿ ಬಂದಾಗ, ಮುಟ್ಟಬೇಡ ಎಂದು ನಿನಗೆ ಕೈಮುಗಿದಿದ್ದೆ. ಮರುದಿನವೇ ನೀನು ಅದನ್ನು ಪಂಜರದಲ್ಲಿ ಹಿಡಿದು ನನ್ನ ಬಾಗಿಲಿಗೆ ಬಂದೆ! "ಕಾಲು ನೋಡ್ರಿ ಮಾಸ್ತರ. ನೀವ ಗೆದ್ರಿ!" ನಿನ್ನ ಮುಖ ಅರಳಿತ್ತು. ಹಕ್ಕಿಯ ಎಡಗಾಲಿನಲ್ಲಿ ಒಂದು ಬೆರಳಿರಲಿಲ್ಲ ನಿಜ. ಆದರೆ ಅದು ಬಾಯಿ ತೆರೆದು ಏದುತ್ತಿತ್ತು. ಓಣಿಗೆಲ್ಲ ಕೇಳುವಂತೆ ನಿನ್ನನ್ನು ಕಟುಕ ಎಂದೆ. ಪಂಜರ ತೆರೆದೆ. ಹಕ್ಕಿ ಹೋಯಿತು, ನೀನೂ ಹೋದೆ.

ಆಮೇಲಾದದ್ದನ್ನು ಕೇಳು. ಕೆಂಪಗಿದ್ದಷ್ಟು ದಿನ ಇದನ್ನು ಪಕ್ಕದ ಕೊಂಬೆಯಲ್ಲೇ ಕೂರಗೊಟ್ಟಿದ್ದ ತೋಪಿನ ಮುದಿ ಬಿಳಿ ಹಕ್ಕಿ, ಈ ಸಲ ತಲೆಗೆ ಕುಕ್ಕಿ ಕುಕ್ಕಿ ಓಡಿಸಿತು. ಆಗ ನನಗೆ ಹೊಳೆಯಿತು: ಕೆಂಪಗಿರುವ ತನಕ ಅದು ಯಾರ ಕಣ್ಣಿಗೂ ಎದುರಾಳಿಯಲ್ಲ. ಪೆಟ್ಟು ತಿನ್ನದೆ ಹುಳ ಹಿಡಿಯುವುದನ್ನು, ಗೂಡಿನ ಜಾಗ ಆರಿಸುವುದನ್ನು ನೋಡಿ ಕಲಿಯುತ್ತದೆ. ಬಲಿಯುವ ಮೊದಲೇ ಬಿಳಿ ಉಟ್ಟರೆ ಉಳಿಯುವುದು ಕಷ್ಟ. ನೀನು ಹಿಡಿದು ಕಾಲು ತೋರಿಸದಿದ್ದರೆ ಇದು ಅದೇ ಹಕ್ಕಿ ಎಂದು ನನಗೆ ತಿಳಿಯುತ್ತಲೇ ಇರಲಿಲ್ಲ. ಇದನ್ನು ಒಪ್ಪಿ ಬರೆಯಲು ಎಷ್ಟು ಸಂಕಟವೋ, ದೇವರಿಗೇ ಗೊತ್ತು. ಮತ್ತೆ ಆ ಮಾತು... ಅದನ್ನು ಯಾರಿಗೂ ಅನ್ನಬಾರದಿತ್ತು, ನಿನಗಂತೂ ಅನ್ನಲೇಬಾರದಿತ್ತು.

ಆ ಹಕ್ಕಿ ಈಗ ಕೆರೆಯಂಚಿನ ಹುಣಸೆಯಲ್ಲಿ ಸಂಸಾರ ಹೂಡಿದೆ. ಮೂರು ಮರಿ. ಐದಾರು ದಿನದಲ್ಲಿ ಹಾರಿಬಿಡುತ್ತವೆ. ಬಂದು ನೋಡು. ನನ್ನೊಡನೆ ಮಾತಾಡಬೇಕೆಂದೇನಿಲ್ಲ, ಮರದ ಆ ಕಡೆ ನೀನು ನಿಲ್ಲು, ಈ ಕಡೆ ನಾನು ನಿಲ್ಲುತ್ತೇನೆ. ಮುನಿಸು ಮಳೆಗಾಲ ಮುಗಿದ ಮೇಲೂ ಮಾಡಬಹುದು, ಮರಿಗಳು ಕಾಯುವುದಿಲ್ಲ ದೋಸ್ತ.

ನಿನ್ನ ವೀಳ್ಯದೆಲೆ ತೋಟಕ್ಕೆ ರೋಗ ತಾಗದಿರಲಿ, ರಮಜಾನಬಿ ನಗುನಗುತ್ತ ಬಾಳಲಿ.

ಇನ್ನೂ ಸಿಟ್ಟಿಳಿಯದ, ಆದರೂ ದಿನಾ ದಾರಿ ನೋಡುವ
ನಿನ್ನ ಮೈಲಾರಪ್ಪ ಮಾಸ್ತರ